ವಯಸ್ಸಿನ ಮುದ್ರೆ

ಬೈಲಹೊಂಗಲ ಸಮೀಪದ ಹಳ್ಳಿಯೊಂದಕ್ಕೆ ಮನೆಭೇಟಿಗೆಂದು ಹೋಗಿದ್ದಾಗ ಅಜ್ಜಿಯೊಬ್ಬರು ಮೊಮ್ಮಗನ ಕೈಯಿಂದ ಮೊಬೈಲನ್ನು ಕಸಿದು ನನ್ನ ಮುಂದೆ ಹಿಡಿದರು. ಪರದೆಯ ಮೇಲೆ ಆಟವೊಂದರ ಹೆಸರು. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ 16+ ಎಂಬ ಗುರುತು. "ಫಾದರ್, ಈ ಹದಿನಾರು ಅಂದ್ರ ಏನ್ರೀ? ಆಟದಾಗ ಇವಂಗ ಬಂದ ಮಾರ್ಕ್ಸೇನು?" ಎಂದು ಕೇಳಿದರು. ಹುಡುಗನಿಗೆ ಹನ್ನೊಂದು ವರ್ಷ. ಉತ್ತರ ಅವನಿಗೆ ಗೊತ್ತಿತ್ತು. ಆದ್ದರಿಂದಲೇ ತಲೆ ತಗ್ಗಿಸಿ ನಿಂತಿದ್ದ.

ಆ ಗುರುತಿಗೆ ದೀರ್ಘ ಇತಿಹಾಸವಿದೆ. ಅದರ ಮೊದಲ ಅಧ್ಯಾಯಗಳು ನಮ್ಮ ಈ ನೆಲವನ್ನೂ ಹಾದು ಹೋಗಿವೆ.

ಬ್ರಿಟಿಷ್ ಸರಕಾರವು 1918ರಲ್ಲಿ ಚಲನಚಿತ್ರ ಕಾಯಿದೆಯನ್ನು ಜಾರಿಗೆ ತಂದಿತು. ಅದರಂತೆ 1920ರಲ್ಲಿ ಮುಂಬಯಿ, ಕಲಕತ್ತಾ, ಮದ್ರಾಸು ಮತ್ತು ರಂಗೂನುಗಳಲ್ಲಿ ಸೆನ್ಸಾರ್ ಮಂಡಳಿಗಳು ಆರಂಭವಾದವು. ಬೈಲಹೊಂಗಲವನ್ನು ಕೇಂದ್ರವಾಗಿ ಉಳ್ಳ ಸಂಪಗಾಂವ ತಾಲೂಕು, ಅದರಲ್ಲಿ ಸೇರಿದ್ದ ಕಿತ್ತೂರು, ಸವದತ್ತಿಯನ್ನು ಕೇಂದ್ರವಾಗಿ ಉಳ್ಳ ಪರಸಗಡ ತಾಲೂಕು ಇವೆಲ್ಲ ಮುಂಬಯಿ ಇಲಾಖೆಯ ಭಾಗಗಳಾಗಿದ್ದವು. ಆದ್ದರಿಂದ ಈ ಕಾಯಿದೆ ಅವುಗಳಿಗೆ ಅನ್ವಯಿಸುತ್ತಿತ್ತು. ಮಲಪ್ರಭೆಯ ದಂಡೆಯ ರಾಮದುರ್ಗವಾದರೋ ಭಾವೆ ಮನೆತನದ ಸಂಸ್ಥಾನ. ಬ್ರಿಟಿಷ್ ಇಂಡಿಯಾದ ಕಾಯಿದೆ ಅಲ್ಲಿ ತಾನಾಗಿ ಸಲ್ಲುತ್ತಿರಲಿಲ್ಲ. 1948ರಲ್ಲಿ ಸಂಸ್ಥಾನವು ಮುಂಬಯಿ ಪ್ರಾಂತದಲ್ಲಿ ವಿಲೀನವಾಗುವ ತನಕ ಸೀಮೆಯ ಕಲ್ಲು ದಾಟಿದೊಡನೆ ಕಾನೂನೂ ಬದಲಾಗುತ್ತಿತ್ತು. ಕಾನೂನಿಗೆ ಗಡಿಯುಂಟು, ಮನರಂಜನೆಗೆ ಗಡಿಯಿಲ್ಲ ಎಂಬ ಇಂದಿನ ಸಮಸ್ಯೆಯನ್ನು ನಮ್ಮ ಹಿರಿಯರು ಆಗಲೇ ಕಂಡಿದ್ದರು.

1918ರ ಕಾಯಿದೆಯಲ್ಲಿ ವಯಸ್ಸಿನ ವಿಂಗಡಣೆ ಇರಲಿಲ್ಲ. ಚಿತ್ರವು ಸಾರ್ವಜನಿಕ ಪ್ರದರ್ಶನಕ್ಕೆ ಯೋಗ್ಯವೋ ಅಲ್ಲವೋ ಎಂಬುದಷ್ಟೇ ಪ್ರಶ್ನೆ. ಈ ವಿಂಗಡಣೆಯ ವಿಚಾರವನ್ನು ಧರ್ಮಸಭೆಯೂ ಕೈಗೆತ್ತಿಕೊಂಡಿತ್ತು. ಹನ್ನೊಂದನೆಯ ಪಯಸ್ ಜಗದ್ಗುರುಗಳು 1936ರಲ್ಲಿ ಹೊರಡಿಸಿದ 'ವಿಜಿಲಾಂತಿ ಕೂರಾ' ವಿಶ್ವಪತ್ರವು, ಯಾವ ಚಿತ್ರ ಎಲ್ಲರಿಗೂ ಸಲ್ಲುವುದು, ಯಾವುದು ಎಚ್ಚರಿಕೆಯೊಡನೆ ಸಲ್ಲುವುದು, ಯಾವುದು ಹಾನಿಕರ ಎಂಬ ಪಟ್ಟಿಯನ್ನು ಪ್ರತಿ ದೇಶದಲ್ಲಿಯೂ ಸಿದ್ಧಪಡಿಸುವಂತೆ ಬಿಷಪರುಗಳನ್ನು ಕೋರಿತು. ಅದರ ಹಿಂದೆ ಪೊಲೀಸರ ಬಲವಿರಲಿಲ್ಲ. ಪಾಲಕರ ಮನಸ್ಸಾಕ್ಷಿಯೇ ಅದರ ಬಲ.

ಭಾರತದಲ್ಲಿ 1949ರ ತಿದ್ದುಪಡಿಯು 'ಯು' ಮತ್ತು 'ಎ' ಎಂಬ ಎರಡು ವರ್ಗಗಳನ್ನು ತಂದಿತು. 1952ರ ಕಾಯಿದೆಯು ಅವನ್ನು ಉಳಿಸಿಕೊಂಡು, ಹದಿನೆಂಟು ತುಂಬದವರಿಗೆ 'ಎ' ಚಿತ್ರ ತೋರಿಸುವುದನ್ನು ದಂಡನೀಯವಾಗಿಸಿತು. ಕೆ. ಎ. ಅಬ್ಬಾಸ್ ಅವರ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 1970ರಲ್ಲಿ ಈ ವಿಂಗಡಣೆಯು ಸಂವಿಧಾನಕ್ಕೆ ವಿರುದ್ಧವಲ್ಲವೆಂದು ತೀರ್ಪಿತ್ತಿತು. 1983ರಲ್ಲಿ 'ಯುಎ' ವರ್ಗವು ಸೇರಿತು. 2023ರ ತಿದ್ದುಪಡಿಯು ಅದನ್ನು ಏಳು, ಹದಿಮೂರು, ಹದಿನಾರು ಎಂದು ಮೂರಾಗಿ ಒಡೆಯಿತು.

ನಮ್ಮ ಬಾಲ್ಯದಲ್ಲಿ ಈ ಕಾನೂನು ಕಾಗದದ ಮೇಲೆ ಮಾತ್ರ ಇರಲಿಲ್ಲ. ಟಾಕೀಸಿನ ಬಾಗಿಲಲ್ಲಿ ಟಿಕೀಟು ಹರಿಯುತ್ತಿದ್ದವನಿಗೆ ನಾವು ಯಾರ ಮಕ್ಕಳೆಂಬುದು ಗೊತ್ತಿರುತ್ತಿತ್ತು. ಒಳಗೆ ಬಿಟ್ಟರೆ ನಾಳೆ ಸಂತೆಯಲ್ಲಿ ನಮ್ಮ ತಂದೆಯ ಮುಖ ನೋಡಬೇಕಾದೀತೆಂಬ ಅಂಜಿಕೆಯೇ ಅವನಿಗೆ ಕಾಯಿದೆಗಿಂತ ದೊಡ್ಡದಾಗಿತ್ತು.

ವಿಡಿಯೋ ಆಟಗಳು ಬಂದಾಗ ಈ ಬಾಗಿಲೇ ಇಲ್ಲವಾಯಿತು. 'ಮಾರ್ಟಲ್ ಕಾಂಬ್ಯಾಟ್' ಮೊದಲಾದ ಆಟಗಳ ಹಿಂಸೆಯ ಕುರಿತು ಅಮೆರಿಕದ ಸೆನೆಟ್ 1993ರಲ್ಲಿ ವಿಚಾರಣೆ ನಡೆಸಿತು. ಸರಕಾರ ಕಾನೂನು ಮಾಡುವ ಮೊದಲೇ ಉದ್ಯಮವು 1994ರಲ್ಲಿ ಸ್ವಯಂಪ್ರೇರಣೆಯಿಂದ ಇಎಸ್‌ಆರ್‌ಬಿ ಎಂಬ ಮಂಡಳಿಯನ್ನು ಸ್ಥಾಪಿಸಿಕೊಂಡಿತು. ಯುರೋಪಿನಲ್ಲಿ 2003ರಲ್ಲಿ 'ಪೆಗಿ' ಪದ್ಧತಿ ಬಂದಿತು. ಅದೇ ವರ್ಷ ಜರ್ಮನಿಯಲ್ಲಿ, 2012ರಲ್ಲಿ ಬ್ರಿಟನ್ನಿನಲ್ಲಿ ಆಟಗಳ ವಯೋಮುದ್ರೆಗೆ ಕಾನೂನಿನ ಬಲ ದೊರೆಯಿತು. ಆದರೆ ಹಿಂಸಾತ್ಮಕ ಆಟಗಳನ್ನು ಅಪ್ರಾಪ್ತರಿಗೆ ಮಾರುವುದನ್ನು ತಡೆಯುವ ಕ್ಯಾಲಿಫೋರ್ನಿಯಾದ ಕಾನೂನನ್ನು ಅಮೆರಿಕದ ಸರ್ವೋಚ್ಚ ನ್ಯಾಯಾಲಯವು 2011ರಲ್ಲಿ ರದ್ದುಪಡಿಸಿತು. ಪುಸ್ತಕದಂತೆ ಆಟವೂ ಅಭಿವ್ಯಕ್ತಿಯೇ ಎಂಬುದು ಅದರ ನಿಲುವು.

ನಮ್ಮಲ್ಲಿ ನಡೆದದ್ದು ಬೇರೆ. 2020ರ ಸೆಪ್ಟೆಂಬರಿನಲ್ಲಿ ಪಬ್ಜಿ ಆಟವನ್ನು ನಿಷೇಧಿಸಲಾಯಿತು. ಕೊಟ್ಟ ಕಾರಣ ದೇಶದ ಭದ್ರತೆ, ಮಕ್ಕಳ ವಯಸ್ಸಲ್ಲ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳ ವಿರುದ್ಧ ಕರ್ನಾಟಕವು 2021ರಲ್ಲಿ ತಂದ ತಿದ್ದುಪಡಿಯನ್ನು ಹೈಕೋರ್ಟು 2022ರ ಫೆಬ್ರವರಿಯಲ್ಲಿ ತಳ್ಳಿಹಾಕಿತು. 2025ರ ಆಗಸ್ಟಿನಲ್ಲಿ ಸಂಸತ್ತು ಅಂಥ ಆಟಗಳನ್ನು ಇಡೀ ದೇಶದಲ್ಲಿ ನಿಷೇಧಿಸುವ ಕಾಯಿದೆಯನ್ನು ಅಂಗೀಕರಿಸಿತು. ಆದರೆ ಚಲನಚಿತ್ರಕ್ಕಿರುವಂತೆ ಪ್ರತಿ ಆಟಕ್ಕೂ ಪ್ರಮಾಣಪತ್ರ ಬೇಕೆನ್ನುವ ವಿಧಿಯನ್ನು ಆ ಕಾಯಿದೆಯು ಹೇಳಲಿಲ್ಲ. ಅಜ್ಜಿ ತೋರಿಸಿದ 16+ ಎಂಬುದು ಸರಕಾರದ ಮುದ್ರೆಯಲ್ಲ. ಆಟ ತಯಾರಿಸಿದವರು ಪ್ರಶ್ನಾವಳಿಗೆ ಕೊಟ್ಟ ಉತ್ತರಗಳನ್ನು ಆಧರಿಸಿ ಅಂತರರಾಷ್ಟ್ರೀಯ ಒಕ್ಕೂಟವೊಂದರ ಪದ್ಧತಿಯು ನೀಡುವ ಗುರುತು.

ಕಾನೂನು ಬಿಗಿಯಾದರೆ ಸಾಕೆ? 2019ರಲ್ಲಿ ಬೆಳಗಾವಿ ಸಮೀಪದ ಊರೊಂದರಲ್ಲಿ, ಮೊಬೈಲ್ ಆಟವನ್ನು ಬಿಡೆಂದ ತಂದೆಯನ್ನು ಮಗನೇ ಕೊಂದನೆಂಬ ವರದಿ ನಾಡನ್ನು ನಡುಗಿಸಿತು. ಆತ ಬಾಲಕನಲ್ಲ, ಪ್ರಾಯಕ್ಕೆ ಬಂದ ಯುವಕ. ಯಾವ ವಯೋಮುದ್ರೆಯೂ ಅವನನ್ನು ತಡೆಯುತ್ತಿರಲಿಲ್ಲ. ಹೀಗೆಂದು ಕಾನೂನು ವ್ಯರ್ಥವೆನ್ನಲಾಗದು. ಅದರ ಕೈ ಎಷ್ಟು ದೂರ ಚಾಚೀತೆಂಬುದನ್ನು ನಾವು ಅರಿತಿರಬೇಕಷ್ಟೆ.

ಈ ಪಾಠವನ್ನು ಸವದತ್ತಿಯ ಸುತ್ತಲಿನ ನಾಡು ಇದಕ್ಕಿಂತ ಬಹು ಘೋರವಾದ ವಿಷಯದಲ್ಲಿ ಕಲಿತಿದೆ. ಬಾಲೆಯರಿಗೆ ಮುತ್ತು ಕಟ್ಟುವ ಪದ್ಧತಿಯನ್ನು ಮುಂಬಯಿ ಸರಕಾರವು 1934ರಲ್ಲಿಯೇ ಕಾನೂನುಬಾಹಿರಗೊಳಿಸಿತ್ತು. ಪದ್ಧತಿ ನಿಲ್ಲಲಿಲ್ಲ. ಕರ್ನಾಟಕವು 1982ರಲ್ಲಿ ಮತ್ತೊಂದು ಕಾಯಿದೆಯನ್ನು ಮಾಡಬೇಕಾಯಿತು. ಅದರಲ್ಲಿ ಗಮನಾರ್ಹವಾದ ಒಂದು ಅಂಶವಿತ್ತು: ಅನ್ಯರಿಗೆ ಮೂರು ವರ್ಷದ ತನಕ ಸೆರೆವಾಸವಾದರೆ, ತಂದೆತಾಯಿ ಹಾಗೂ ಬಂಧುಗಳಿಗೆ ಐದು ವರ್ಷದ ತನಕ. ಮಗುವಿನ ಮೊದಲ ಬಾಗಿಲು ಮನೆಯದೇ ಎಂಬುದನ್ನು ಕಾನೂನು ಒಪ್ಪಿಕೊಂಡಿತ್ತು. ಆದರೂ ಮನಸ್ಸುಗಳನ್ನು ತಿರುಗಿಸಿದವರಲ್ಲಿ ಮುಖ್ಯರು, ಆ ನೋವನ್ನು ಉಂಡ ಮಹಿಳೆಯರೇ. ಬೆಳಗಾವಿ ಜಿಲ್ಲೆಯಲ್ಲಿ ಅವರು ತಮ್ಮದೇ ಸಂಘ ಕಟ್ಟಿಕೊಂಡು ಊರೂರಿಗೆ ಹೋಗಿ ತಾಯಂದಿರೊಡನೆ ಮಾತಾಡಿದರು. ಆಟದ ಗೀಳನ್ನು ಆ ಅನ್ಯಾಯದೊಡನೆ ತೂಗುವುದು ನನ್ನ ಉದ್ದೇಶವಲ್ಲ. ಕಾನೂನು ಗೆರೆ ಎಳೆದೀತು. ಆ ಗೆರೆಯ ಬಳಿ ಒಬ್ಬ ಮನುಷ್ಯ ನಿಂತಿರಬೇಕು ಎಂಬುದಷ್ಟೇ ಹೇಳಬೇಕಾದದ್ದು.

ಅಜ್ಜಿಗೆ ಆ ಅಂಕಿಯ ಅರ್ಥವನ್ನು ವಿವರಿಸಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಇಷ್ಟು ದಿನ ನನಗ ಯಾರೂ ಹೇಳಿರ್ಲಿಲ್ಲ ನೋಡ್ರಿ" ಎಂದರು. ಬಳಿಕ ಮೊಮ್ಮಗನನ್ನು ಬೈಯಲಿಲ್ಲ. ಪಕ್ಕದಲ್ಲಿ ಕೂರಿಸಿಕೊಂಡು, "ಅದರಾಗ ಏನೈತಿ, ನನಗೂ ತೋರ್ಸು" ಎಂದರು. ಹುಡುಗ ಸಂಕೋಚದಿಂದ ಪರದೆಯನ್ನು ಅವರತ್ತ ತಿರುಗಿಸಿದ. ಹಳೆಯ ಟಾಕೀಸಿನ ಬಾಗಿಲು ಮತ್ತೆ ಕಟ್ಟಿದಂತೆ ನನಗನಿಸಿತು.