ರಾಜ್ಯಶಾಸ್ತ್ರ ಓದೋಕೆ ಸಾಲ ಮಾಡಬಹುದಾ?

ರಾಜ್ಯಶಾಸ್ತ್ರ ಓದಿದ್ರೆ ಕೆಲಸ ಸಿಗುತ್ತಾ ಅಂತ ಎಲ್ಲರೂ ಕೇಳ್ತಾರೆ. ಎಷ್ಟು ಸಾಲ ಮಾಡಿ ಓದ್ತೀರಿ ಅನ್ನೋದು ಅದಕ್ಕಿಂತ ದೊಡ್ಡ ಪ್ರಶ್ನೆ.

ಲೆಕ್ಕ ಹೀಗಿದೆ: ಎರಡು ವರ್ಷದ ಎಂಎಗೆ 5 ಲಕ್ಷ ರೂ. ಸಾಲ, ಶೇ 10ರ ಬಡ್ಡಿ ಅಂದುಕೊಳ್ಳಿ. ಓದುವಾಗ ಮತ್ತು ಆಮೇಲೆ ಒಂದು ವರ್ಷ ಕಂತು ಕಟ್ಟಬೇಕಿಲ್ಲ, ಆದರೆ ಬಡ್ಡಿ ನಿಲ್ಲಲ್ಲ. ಮೊದಲ ದಿನವೇ ಪೂರ್ತಿ ಹಣ ಎತ್ತಿದ್ದರೆ ಮೂರು ವರ್ಷಕ್ಕೆ 1.5 ಲಕ್ಷ ಬಡ್ಡಿ ಸೇರುತ್ತದೆ. ಆ 6.5 ಲಕ್ಷವನ್ನು ಹತ್ತು ವರ್ಷದಲ್ಲಿ ತೀರಿಸಲು ತಿಂಗಳಿಗೆ ಸುಮಾರು 8,600 ರೂ. ಕಟ್ಟಬೇಕು. ಸಂಬಳ 25,000 ಇದ್ದರೆ ಮೂರನೇ ಒಂದು ಪಾಲು ಅಲ್ಲೇ ಹೋಯ್ತು.

ನೆರವು ಯಾರಿಗೆ: ವಾರ್ಷಿಕ ಆದಾಯ 4.5 ಲಕ್ಷದೊಳಗಿರುವ ಕುಟುಂಬಗಳಿಗೆ, ಕಂತು ಶುರುವಾಗುವವರೆಗಿನ ಬಡ್ಡಿಯನ್ನು ಕೇಂದ್ರವೇ ಭರಿಸುವ ಯೋಜನೆ ಇದೆ. ಆದರೆ ಅದು ವೃತ್ತಿಪರ, ತಾಂತ್ರಿಕ ಕೋರ್ಸ್‌ಗಳಿಗೆ ಮಾತ್ರ. ಒಂದೇ ಮನೆಯಲ್ಲಿ ಎಂಜಿನಿಯರಿಂಗ್ ಓದುವ ಅಣ್ಣನಿಗೆ ಸಿಗುವ ನೆರವು ರಾಜ್ಯಶಾಸ್ತ್ರ ಓದುವ ತಂಗಿಗಿಲ್ಲ. 2024ರ ಪಿಎಂ ವಿದ್ಯಾಲಕ್ಷ್ಮಿಯಲ್ಲಿ ಸಾಲ ಸಿಗುವುದು ಪಟ್ಟಿಯಲ್ಲಿರುವ ಸಂಸ್ಥೆಗಳಿಗೆ ಸೇರಿದವರಿಗಷ್ಟೇ.

ಹಾಗಾಗಿ ಶುಲ್ಕ ಕಡಿಮೆ ಇರುವ ಸರ್ಕಾರಿ ವಿವಿಯನ್ನೇ ಮೊದಲು ನೋಡಿ. ಜೆಆರ್‌ಎಫ್ ಸಿಕ್ಕರೆ ತಿಂಗಳಿಗೆ 37,000 ರೂ. ಬರುತ್ತದೆ ನಿಜ, ಆದರೆ ಸಿಗದಿದ್ದರೂ ಕಂತು ಕಟ್ಟಲೇಬೇಕು. ಪ್ರಜಾಪ್ರಭುತ್ವದ ಪಾಠ ಸಾಲ ತೀರಿಸಬಲ್ಲವರಿಗೆ ಮಾತ್ರ ಅಂತಾದರೆ, ಅದು ವಿದ್ಯಾರ್ಥಿಯ ಲೆಕ್ಕದ ತಪ್ಪಲ್ಲ, ಸರ್ಕಾರದ್ದು.