ನಕಲು ಪ್ರತಿಗಳಲ್ಲಿ ಉಳಿದ ಪಾಠ

1977ರಲ್ಲಿ ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದ ಅಧ್ಯಾಪಕ ಜಾನ್ ಲಯನ್ಸ್ ತಮ್ಮ ವಿದ್ಯಾರ್ಥಿಗಳಿಗಾಗಿ ಎರಡು ಪುಸ್ತಿಕೆಗಳನ್ನು ಸಿದ್ಧಪಡಿಸಿದರು. ಒಂದರಲ್ಲಿ ಯುನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್‌ನ ತಿರುಳಿನ ಸೋರ್ಸ್ ಕೋಡ್ ಇತ್ತು. ಅದು ಹತ್ತು ಸಾವಿರ ಸಾಲಿಗೂ ಕಡಿಮೆ. ಇನ್ನೊಂದರಲ್ಲಿ ಅದರ ವ್ಯಾಖ್ಯಾನ. ಮೂಲ ಗ್ರಂಥವನ್ನು ಮುಂದಿಟ್ಟುಕೊಂಡು ಟೀಕೆ ಬರೆಯುವ ಹಳೆಯ ವಿದ್ವಾಂಸರ ಪದ್ಧತಿಯೇ ಇದು. ವಿಷಯ ಮಾತ್ರ ಕಂಪ್ಯೂಟರ್.

ಯುನಿಕ್ಸ್ ಹುಟ್ಟಿದ್ದು 1969ರಲ್ಲಿ, ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ. ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಅದರ ಮುಖ್ಯ ಶಿಲ್ಪಿಗಳು. ಅದರ ಒಡೆತನ ಎಟಿ ಅಂಡ್ ಟಿ ಎಂಬ ಟೆಲಿಫೋನ್ ಕಂಪೆನಿಯದು. ಸರಕಾರದೊಂದಿಗೆ 1956ರಲ್ಲಿ ಆದ ಒಪ್ಪಂದದಂತೆ ಈ ಕಂಪೆನಿ ಟೆಲಿಫೋನ್ ಬಿಟ್ಟು ಬೇರೆ ವ್ಯಾಪಾರಕ್ಕೆ ಇಳಿಯುವಂತಿರಲಿಲ್ಲ. ಹಾಗಾಗಿ ವಿಶ್ವವಿದ್ಯಾಲಯಗಳಿಗೆ ಯುನಿಕ್ಸ್ ಅಲ್ಪ ಶುಲ್ಕಕ್ಕೆ, ಸೋರ್ಸ್ ಕೋಡ್ ಸಮೇತ ಸಿಕ್ಕಿತು. ಇದನ್ನು ಕಂಪೆನಿಯ ಔದಾರ್ಯವೆಂದು ಬರೆಯುವವರಿದ್ದಾರೆ. ಕೈ ಕಟ್ಟಿದ್ದರಿಂದ ಬಂದ ಔದಾರ್ಯ ಅದು.

1979ರಲ್ಲಿ ಏಳನೆಯ ಆವೃತ್ತಿ ಬಂದಾಗ ಪರವಾನಗಿಯ ಷರತ್ತು ಬದಲಾಯಿತು. ಸೋರ್ಸ್ ಕೋಡನ್ನು ತರಗತಿಯಲ್ಲಿ ಪಾಠ ಮಾಡಕೂಡದು! ಲಯನ್ಸ್‌ರ ಪುಸ್ತಿಕೆ ಪರವಾನಗಿ ಇಲ್ಲದವರ ಕೈಗೆ ಹೋಗುವಂತಿರಲಿಲ್ಲ. ಆದರೆ ವಿದ್ಯಾರ್ಥಿಗಳು ಬಿಡುತ್ತಾರೆಯೇ? ಜೆರಾಕ್ಸ್, ಆ ಜೆರಾಕ್ಸಿನ ಜೆರಾಕ್ಸ್, ಅಕ್ಷರ ಮಸುಕಾಗುವವರೆಗೂ ಅದು ದೇಶದಿಂದ ದೇಶಕ್ಕೆ ಕೈ ಬದಲಿಸಿತು.

ಪಾಠಕ್ಕೆ ಪುಸ್ತಕವೇ ಇಲ್ಲವೆಂದಾದಾಗ ಆಮ್‌ಸ್ಟರ್‌ಡ್ಯಾಮಿನ ಅಧ್ಯಾಪಕ ಆಂಡ್ರ್ಯೂ ಟ್ಯಾನೆನ್‌ಬಾಮ್ ತಾವೇ ಮಿನಿಕ್ಸ್ ಎಂಬ ಪುಟ್ಟ ವ್ಯವಸ್ಥೆಯನ್ನು ಬರೆದು 1987ರಲ್ಲಿ ಪಠ್ಯಪುಸ್ತಕದೊಂದಿಗೆ ಪ್ರಕಟಿಸಿದರು. ಅದನ್ನು ಓದಿ ಕಲಿತವರಲ್ಲಿ ಹೆಲ್ಸಿಂಕಿಯ ಲೈನಸ್ ಟೋರ್ವಾಲ್ಡ್ಸ್ ಒಬ್ಬ. 1991ರಲ್ಲಿ, ತನ್ನ 21ನೆಯ ವಯಸ್ಸಿನಲ್ಲಿ ಆತ ಲಿನಕ್ಸ್‌ನ ಮೊದಲ ರೂಪವನ್ನು ಹೊರತಂದ. ಮರುವರ್ಷ ಅದನ್ನು ರಿಚರ್ಡ್ ಸ್ಟಾಲ್‌ಮನ್‌ರ ಜಿಪಿಎಲ್ ಪರವಾನಗಿಯಡಿ ತಂದ: ಯಾರೂ ಓದಬಹುದು, ತಿದ್ದಬಹುದು, ಹಂಚಬಹುದು, ಹಂಚುವಾಗ ಮುಂದಿನವರಿಗೂ ಅದೇ ಹಕ್ಕು ಕೊಡಬೇಕು.

ಇಂಟರ್‌ನೆಟ್ಟಿನದೂ ಹತ್ತಿರದ ಕಥೆಯೇ. 1983ರ ಜನವರಿ 1ರಂದು ಅರ್ಪಾನೆಟ್ ಜಾಲ ಟಿಸಿಪಿ/ಐಪಿ ನಿಯಮಾವಳಿಗೆ ಬದಲಾಯಿತು. ಅದೇ ವರ್ಷ ಬರ್ಕ್ಲಿ ವಿಶ್ವವಿದ್ಯಾಲಯ ತನ್ನ ಯುನಿಕ್ಸ್‌ನಲ್ಲಿ ಅದನ್ನು ಸೇರಿಸಿತು. 1989ರಲ್ಲಿ ಜಾಲದ ಭಾಗವನ್ನಷ್ಟೇ ಬೇರ್ಪಡಿಸಿ, ಎಟಿ ಅಂಡ್ ಟಿ ಪರವಾನಗಿಯ ಹಂಗಿಲ್ಲದೆ ಬಿಡುಗಡೆ ಮಾಡಿತು. ಟೇಪಿಗೆ 1,000 ಡಾಲರ್. ಕೊಂಡವರು ಎಷ್ಟು ಜನರಿಗೆ ಬೇಕಾದರೂ ನಕಲು ಮಾಡಿಕೊಡಬಹುದಿತ್ತು.

ಲಯನ್ಸ್‌ರ ಪುಸ್ತಕ ಬಹಿರಂಗವಾಗಿ ಅಚ್ಚಾದದ್ದು 1996ರಲ್ಲಿ. ಎರಡು ವರ್ಷಗಳ ನಂತರ, 1998ರ ಡಿಸೆಂಬರಿನಲ್ಲಿ ಅವರು ತೀರಿಕೊಂಡರು.