ಉಣುಗು ಎಣಿಸಿದವರು

ಕೋವಿಡ್ ಕಾಲದಲ್ಲಿ ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯ ಹೆಸರನ್ನು ನಾವೆಲ್ಲ ದಿನಾ ಕೇಳ್ತಿದ್ವಿ. ಮಲೆನಾಡಿನ ನಮ್ಮಂಥವರಿಗೆ ಅದರ ಜೊತೆಗಿನ ನಂಟು ಬಹಳ ಹಳೇದು.

1952ರಲ್ಲಿ ಅದು ಶುರುವಾದಾಗ ಹೆಸರು ವೈರಸ್ ರಿಸರ್ಚ್ ಸೆಂಟರ್. ಸೊಳ್ಳೆ, ಉಣುಗುಗಳು ಹರಡುವ ವೈರಸ್ಸುಗಳನ್ನು ಹುಡುಕೋದು ಅದರ ಮುಖ್ಯ ಕೆಲಸ. ಐದೇ ವರ್ಷಕ್ಕೆ, 1957ರಲ್ಲಿ, ಸೊರಬ ತಾಲೂಕಿನ ಕ್ಯಾಸನೂರು ಕಾಡಲ್ಲಿ ಮಂಗಗಳು ಸಾಯ್ತಿವೆ, ಸುತ್ತಲ ಊರಿನ ಜನರಿಗೂ ಜ್ವರ ಅನ್ನೋ ಸುದ್ದಿ ಅಲ್ಲಿಗೆ ಮುಟ್ಟಿತು. ದಕ್ಷಿಣ ಅಮೆರಿಕದ ಹಳದಿ ಜ್ವರ ಇಲ್ಲಿಗೂ ಬಂತಾ ಅನ್ನೋದೇ ಮೊದಲ ಹೆದರಿಕೆ. ಆದರೆ ಸತ್ತ ಮಂಗದಲ್ಲಿ ಸಿಕ್ಕಿದ್ದು ಬೇರೆಯದೇ ವೈರಸ್ಸು. ಉಣುಗಿನಿಂದ ಹರಡುವ ರಷ್ಯಾದ ಮೆದುಳು ಜ್ವರದ ಬಳಗದ್ದು, ಆದರೆ ಹೊಸದು.

ಅಲ್ಲಿಂದ ಲ್ಯಾಬೇ ಕಾಡಿಗೆ ಬಂತು. ತರಗೆಲೆ ಮೇಲೆ ಬಟ್ಟೆ ಎಳೆಯೋದು, ಅಂಟಿದ ಉಣುಗುಗಳನ್ನು ಹೆಕ್ಕೋದು, ಜಾತಿ ಗುರುತಿಸೋದು, ಎಣಿಸೋದು. ನೋಡೋಕೆ ಬೇಸರದ ಕೆಲಸ. ಹಾಗೆ ಹೆಕ್ಕುತ್ತಲೇ ಮುಖ್ಯ ಅಪರಾಧಿ ಹೆಮಫೈಸಾಲಿಸ್ ಸ್ಪೈನಿಜೆರಾ ಅನ್ನೋ ಉಣುಗು ಅಂತ ತಿಳೀತು. ಮಂಗ ಸತ್ತರೆ ಅದರ ಮೈಮೇಲಿನ ಉಣುಗುಗಳು ಅಲ್ಲೇ ಉದುರಿ, ಮುಂದೆ ಆ ದಾರಿಯಲ್ಲಿ ಬರುವವರಿಗಾಗಿ ಕಾಯ್ತವೆ. ಈ ಹುಡುಕಾಟದಲ್ಲಿ ಲ್ಯಾಬಿನ ಹಲವರಿಗೇ ಕಾಯಿಲೆ ಅಂಟಿತು.

ನಮ್ಮನೆಯಲ್ಲಿ ದನದ ಕಿವಿಯಿಂದ ಉಣುಗು ಕೀಳೋದು ಮಕ್ಕಳ ಕೆಲಸವಾಗಿತ್ತು. ಹಾಗಾಗಿ ಆ ತಂಡದಲ್ಲಿದ್ದ ಕೊಲಂಬಿಯಾದ ವಿಜ್ಞಾನಿ ಹೋರ್ಹೆ ಬೋಷೆಲ್ ಹೇಳಿದ ಮಾತು ನನ್ನನ್ನು ತಟ್ಟಿತು. ಕಾಡು ಕಡಿದು ಗದ್ದೆ ಮಾಡಿದೆವು, ದನಗಳನ್ನು ಕಾಡಿನೊಳಗೆ ಮೇಯಲು ಬಿಟ್ಟೆವು. ಬಲಿತ ಉಣುಗಿಗೆ ಬೇಕಾದಷ್ಟು ರಕ್ತ ಸಿಕ್ಕಿ ಸಂತತಿ ಬೆಳೀತು ಅಂತ ಆತನ ವಾದ. ಅಂದರೆ ಮಂಗ ಈ ಕಾಯಿಲೆಗೆ ಹೆಸರು ಕೊಟ್ಟಿದ್ದಷ್ಟೇ. 1980ರ ದಶಕದ ಶುರುವಲ್ಲಿ ಬೆಳ್ತಂಗಡಿ ಕಡೆ ಗೇರು ತೋಟಕ್ಕೆ ಕಾಡು ಕಡಿದಾಗಲೂ ಕಾಯಿಲೆ ಎದ್ದಿತು.

ಆಮೇಲೆ ಲಸಿಕೆಯೂ ಬಂತು. ಸಾಕಷ್ಟು ಕೆಲಸ ಮಾಡ್ತಿಲ್ಲ ಅಂತ 2022ರಲ್ಲಿ ಅದನ್ನು ನಿಲ್ಲಿಸಿದರು. 2019ರಲ್ಲಿ ಸಾಗರದ ಅರಲಗೋಡಿನಲ್ಲಿ ಜನ ಸತ್ತಿದ್ದನ್ನು ನಾವು ಟಿವಿಯಲ್ಲಿ ನೋಡಿ ಮರೆತೂಬಿಟ್ಟೆವು. ಸೌದೆಗೆ, ಸೊಪ್ಪಿಗೆ, ದರಗಿಗೆ ಅಂತ ಕಾಡಿಗೆ ಹೋಗೋರು ಮರೆಯೋ ಹಾಗಿಲ್ಲ.

ನವೆಂಬರಿನಿಂದ ಮೇವರೆಗೆ ಎಳೆಯ ಉಣುಗುಗಳ ಕಾಲ. ನಮ್ಮ ಟ್ರೆಕ್ಕಿಂಗ್ ಸೀಸನ್ನೂ ಅದೇ. ದಾರಿಯಲ್ಲಿ ಸತ್ತ ಮಂಗ ಕಂಡರೆ ಹತ್ತಿರ ಹೋಗ್ಬೇಡಿ, ಫೋಟೋಗಂತೂ ಬೇಡವೇ ಬೇಡ. ಊರಿನ ಆಶಾ ಕಾರ್ಯಕರ್ತೆಗೋ ಅರಣ್ಯ ಇಲಾಖೆಯವರಿಗೋ ತಿಳಿಸಿ. 1957ರಲ್ಲೂ ತನಿಖೆ ಶುರುವಾಗಿದ್ದು ಅಂಥದ್ದೇ ಒಂದು ಸುದ್ದಿಯಿಂದ.